ಆಪೇರಾ ಹೌಸಿನ ಜಮಾ-ಖರ್ಚು

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡುವವರು ಸಾಮಾನ್ಯವಾಗಿ ಪ್ರಾಧ್ಯಾಪಕರು, ಇಲ್ಲವೇ ಸಾಹಿತಿಗಳು. ನಾನು ಬ್ಯಾಂಕಿನ ಕಾರಕೂನ, ಓದಿದ್ದು ಬಿ.ಕಾಂ. ಬೆಳಗಿನಿಂದ ಸಂಜೆಯ ತನಕ ಪರರ ಹಣವನ್ನು ಎಣಿಸುವುದು, ಪರರ ಸಾಲದ ಕಾಗದಪತ್ರಗಳನ್ನು ತಿರುವಿಹಾಕುವುದು ನನ್ನ ಕಸಬು. ಹೀಗಾಗಿ ಯಾವ ದೊಡ್ಡ ಕಟ್ಟಡವನ್ನು ನೋಡಿದರೂ, ಅದರ ಕಂಬ ಕಮಾನುಗಳ ಸೊಬಗಿಗಿಂತ ಮೊದಲು, ಇದರ ಖರ್ಚನ್ನು ಹೊತ್ತವರು ಯಾರು ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಏಳುತ್ತದೆ. ಇದು ರಸಿಕರ ಲಕ್ಷಣವಲ್ಲವೆಂದು ಬಲ್ಲೆ. ಆದರೆ ಈ ಹೊತ್ತು ನಾನು ಹೇಳಹೊರಟಿರುವ ಕಟ್ಟಡದ ಚರಿತ್ರೆ ಆ ಪ್ರಶ್ನೆಯನ್ನು ಹಿಡಿದು ನಡೆದರೇ ಸರಿಯಾಗಿ ತಿಳಿಯುತ್ತದೆಂದು ನನಗೆ ತೋರಿದೆ. ಆದ್ದರಿಂದ ತಾವು ಕ್ಷಮಿಸಿ ಕೇಳಬೇಕು.

ಗಿರಗಾಂವದ ಚೌಪಾಟಿಯಿಂದ ನಾಲ್ಕು ಹೆಜ್ಜೆ ಒಳಗೆ ಬಂದರೆ, ಚರ್ನಿ ರೋಡ್ ನಿಲ್ದಾಣಕ್ಕೂ ಲ್ಯಾಮಿಂಗ್ಟನ್ ರಸ್ತೆಗೂ ನಡುವೆ ಒಂದು ಪ್ರದೇಶ ಉಂಟು. ಅದಕ್ಕೆ ಆಪೇರಾ ಹೌಸ್ ಎಂದು ಹೆಸರು. ಬಸ್ಸಿನ ನಿರ್ವಾಹಕ ಕೂಗುವುದು ಅದೇ ಹೆಸರು, ಟ್ಯಾಕ್ಸಿಯವನಿಗೆ ಹೇಳುವುದು ಅದೇ ಹೆಸರು, ವಜ್ರದ ವ್ಯಾಪಾರಿಗಳ ವಿಳಾಸದ ಚೀಟಿಯ ಮೇಲೆ ಅಚ್ಚಾಗಿರುವುದೂ ಅದೇ. ನನ್ನ ಶಾಖೆಯೂ ಕೆಲಕಾಲ ಆ ಕಡೆಯೇ ಇತ್ತು. ಅಲ್ಲಿಗೆ ದಿನವೂ ಬರುವ ಗಿರಾಕಿಗಳನ್ನು, "ಅಯ್ಯಾ, ಆಪೇರಾ ಹೌಸ್ ಎಂಬ ಮನೆ ಎಲ್ಲಿದೆ?" ಎಂದು ಕೇಳಿದರೆ, "ಇದೇ ಅಲ್ಲವೇ, ಈ ಚೌಕ!" ಎಂದು ಕೈಬೀಸಿ ತೋರಿಸುತ್ತಿದ್ದರು. ಅವರ ತಪ್ಪೇನೂ ಇಲ್ಲ. 1993ರಿಂದ 2016ರವರೆಗೆ, ಅಂದರೆ ಇಪ್ಪತ್ತಮೂರು ವರ್ಷ, ಆ ಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಮನೆ ಮುಚ್ಚಿತು, ಹೆಸರು ಮಾತ್ರ ಬೀದಿಯಲ್ಲಿ ಓಡಾಡಿಕೊಂಡಿತ್ತು. ಆಪೇರಾ ಎಂದರೆ ಹಾಡಿನಲ್ಲಿಯೇ ಕಥೆಯನ್ನು ನಡೆಯಿಸುವ ಪಾಶ್ಚಾತ್ಯ ಸಂಗೀತನಾಟಕವೆಂಬುದು ತಮಗೆ ತಿಳಿದದ್ದೇ. ಯಕ್ಷಗಾನವನ್ನೂ ಶ್ರೀಕೃಷ್ಣಪಾರಿಜಾತವನ್ನೂ ನೋಡಿ ಬೆಳೆದ ನಮಗೆ ಅದು ಅಪರಿಚಿತ ವಸ್ತುವೇನಲ್ಲ. ವೇಷ ಬೇರೆ, ರಾಗ ಬೇರೆ, ಅಷ್ಟೇ.

ಈ ರಂಗಮಂದಿರದ ಕಲ್ಪನೆ ಮೊಳೆತದ್ದು 1908ರಲ್ಲಿ. ಕಲ್ಪನೆಗೆ ಇಬ್ಬರು ಪಾಲುದಾರರು. ಒಬ್ಬಾತ ಮಾರಿಸ್ ಬ್ಯಾಂಡ್‌ಮನ್, ಕಲಕತ್ತೆಯಲ್ಲಿ ನೆಲೆನಿಂತ ನಾಟಕ ವ್ಯವಸ್ಥಾಪಕ. ಅಲ್ಲಿ ಅದೇ ಕಾಲಕ್ಕೆ ಎಂಪೈರ್ ಎಂಬ ರಂಗಮಂದಿರವನ್ನು ಎಬ್ಬಿಸಿದವನು. ಇನ್ನೊಬ್ಬರು ಜಹಾಂಗೀರ್ ಫ್ರಾಮಜಿ ಕರಾಕಾ ಎಂಬ ಪಾರಸೀ ಗೃಹಸ್ಥರು, ಕಲ್ಲಿದ್ದಲಿನ ದಲ್ಲಾಳಿಗಳು. ಬ್ಯಾಂಡ್‌ಮನ್ನನ ಉದ್ಯೋಗ ಸಣ್ಣದಲ್ಲ. ಇಂಗ್ಲೆಂಡಿನಿಂದ ನಟನಟಿಯರ ತಂಡಗಳನ್ನು ಹಡಗು ಹತ್ತಿಸಿ, ಜಿಬ್ರಾಲ್ಟರಿನಿಂದ ಹೊರಟು ಈಜಿಪ್ಟು, ಮುಂಬಯಿ, ಕಲಕತ್ತೆ, ರಂಗೂನುಗಳ ದಾರಿಯಾಗಿ ಜಪಾನಿನ ತನಕ ಊರೂರಿನಲ್ಲಿ ಆಟವಾಡಿಸಿ ಕರೆತರುವುದು ಅವನ ಪದ್ಧತಿ. ಹಡಗು ನಡೆಯುವುದು ಕಲ್ಲಿದ್ದಲಿನಿಂದ. ಆದ್ದರಿಂದ ನಾಟಕದವನೂ ಕಲ್ಲಿದ್ದಲಿನವರೂ ಒಂದೇ ದಸ್ತಾವೇಜಿಗೆ ರುಜು ಹಾಕಿದ್ದು ನನಗೆ ಬಹಳ ಸಹಜವಾಗಿ ಕಾಣುತ್ತದೆ.

ಕೋಟೆಯ ಭಾಗದಲ್ಲಿ, ಬೋರಿಬಂದರದ ಸುತ್ತ, ನಾಟಕಗೃಹಗಳು ಆಗಲೇ ಇದ್ದವು. 1879ರಲ್ಲಿ ತೆರೆದ ಗೇಯಟಿಯೇ ಮುಂದೆ ಕ್ಯಾಪಿಟಲ್ ಚಿತ್ರಮಂದಿರವಾಯಿತು. ಅವನ್ನು ಬಿಟ್ಟು ಗಿರಗಾಂವದ ಅಂಚಿಗೆ ಇವರೇಕೆ ಬಂದರು? ಮಲಬಾರ ಗುಡ್ಡದ ಬಂಗಲೆಗಳಿಂದ ಸಾರೋಟು ಇಳಿದು ಬರಲು ಹತ್ತಿರ, ಗಿರಗಾಂವದ ಮರಾಠೀ ಗುಜರಾತೀ ಮಧ್ಯಮವರ್ಗ ಕಾಲ್ನಡಿಗೆಯಲ್ಲಿ ಬರಲು ಇನ್ನೂ ಹತ್ತಿರ, ಇದೇ ಕಾರಣವಿರಬೇಕೆಂದು ನನ್ನ ಊಹೆ. ಸಾರೋಟಿನವರನ್ನು ನಂಬಿ ಕಟ್ಟಿದರು. ಕಾಲ್ನಡಿಗೆಯವರು ಅದನ್ನು ಉಳಿಸಿದರು. ಆದರೆ ಆ ಮಾತು ಮುಂದೆ.

1911ರಲ್ಲಿ ದಿಲ್ಲಿಯ ದರ್ಬಾರಿಗೆಂದು ಬಂದ ಐದನೆಯ ಜಾರ್ಜ್ ದೊರೆ ಈ ಮಂದಿರವನ್ನು ಉದ್ಘಾಟಿಸಿದನು. ಹೆಸರಿನ ಹಿಂದಿರುವ "ರಾಯಲ್" ಎಂಬ ಮಾತು ಅಲ್ಲಿಯದು. ಸ್ವಾರಸ್ಯವೆಂದರೆ ಆಗ ಕಟ್ಟಡ ಮುಗಿದಿರಲಿಲ್ಲ! 1912ರಲ್ಲಿ ಅದು ಪೂರ್ಣವಾಯಿತು. ಅಲ್ಲಿಷ್ಟು ಇಲ್ಲಿಷ್ಟು ಸೇರಿಸುವ ಕೆಲಸ 1915ರ ತನಕ ನಡೆಯಿತು. ಅದೇ ಪ್ರವಾಸದಲ್ಲಿ ದೊರೆಯು ಅಪೋಲೋ ಬಂದರದಲ್ಲಿ ಇಳಿದಾಗ ಕಂಡ ಹೆಬ್ಬಾಗಿಲೂ ಬರಿಯ ರಟ್ಟಿನದಂತೆ. ಕಲ್ಲಿನ ಗೇಟ್‌ವೇ ಮುಗಿದದ್ದು 1924ರಲ್ಲಿ. ಉದ್ಘಾಟನೆ ಮೊದಲು, ಕಟ್ಟಡ ಆಮೇಲೆ ಎಂಬ ಪದ್ಧತಿ ನಮ್ಮ ಮಂತ್ರಿಗಳು ಕಂಡುಹಿಡಿದದ್ದೆಂದು ತಿಳಿದವರು ಈ ಇಸವಿಗಳನ್ನು ಗಮನಿಸಬೇಕು.

ಕಟ್ಟಡ ಮಾತ್ರ ಚೆಲುವಾದದ್ದು. ಬರೋಕ್ ಎಂಬ ಐರೋಪ್ಯ ಶೈಲಿಯದು, ನಡುನಡುವೆ ಭಾರತೀಯ ಕುಸುರಿನ ಬೆರಕೆ. ಒಳಗೆ ಮೂರು ಅಂತಸ್ತಿನ ಪ್ರೇಕ್ಷಾಗಾರ. ಸಿರಿವಂತರ ಕುಟುಂಬಗಳು ಬೇರೆಯಾಗಿ ಕುಳಿತುಕೊಳ್ಳಲು ಗೂಡಿನಂಥ ಬಾಕ್ಸುಗಳು. ಮೇಲೆ ಎಂಟು ಭಾಗ ಮಾಡಿ ಕವಿಗಳಿಗೂ ನಾಟಕಕಾರರಿಗೂ ಕಾಣಿಕೆಯಾಗಿ ಚಿತ್ರಿಸಿದ ಗುಮ್ಮಟ. ಸಸೂನ್ ಮನೆತನದವರ ಕೊಡುಗೆಯಾದ ಸ್ಫಟಿಕದ ದೀಪಗುಚ್ಛಗಳು. ಇವೆಲ್ಲಕ್ಕಿಂತ ನನಗೆ ಹೆಚ್ಚೆನಿಸುವುದು ಛಾವಣಿಯ ಹದ. ಎಲ್ಲಕ್ಕೂ ಮೇಲಿನ, ಎಲ್ಲಕ್ಕೂ ಅಗ್ಗದ ಗ್ಯಾಲರಿಯಲ್ಲಿ ಕುಳಿತವನಿಗೂ ರಂಗದ ಮೇಲಿನ ಮಾತು ಅಕ್ಷರ ಅಕ್ಷರವಾಗಿ ಕೇಳಬೇಕೆಂದು ಅದನ್ನು ಬಾಗಿಸಿ ಕಟ್ಟಿದರು. ಧ್ವನಿವರ್ಧಕ ಇಲ್ಲದ ಕಾಲ. ಕೊನೆಯ ಸಾಲಿನವನ ನಾಲ್ಕಾಣೆಯೂ ಹಣವೇ ಎಂದು ತಿಳಿದ ಒಡೆಯನಿಗೆ ಮಾತ್ರ ಅಂಥ ಛಾವಣಿ ಬೇಕಾದೀತು.

ಈಗ ಲೆಕ್ಕಕ್ಕೆ ಬರೋಣ. ಮುಂಬಯಿಯಲ್ಲಿ ಆಪೇರಾ ಕೇಳುವವರು ಎಷ್ಟು ಮಂದಿ? ಬಿಳಿಯ ಅಧಿಕಾರಿಗಳು, ದೊಡ್ಡ ವ್ಯಾಪಾರಿಗಳು, ಕೆಲವು ಪಾರಸೀ ಮನೆತನಗಳು. ಇವರು ಒಂದು ವಾರ ಬಂದಾರು, ಎರಡು ವಾರ ಬಂದಾರು. ವರ್ಷದ ಐವತ್ತೆರಡು ವಾರವೂ ದೀಪ ಉರಿಯಬೇಕಲ್ಲ! ಅದರ ಮೇಲೆ 1914ರಲ್ಲಿ ಮಹಾಯುದ್ಧ ಬಂದಿತು. ಸಮುದ್ರದ ದಾರಿ ಅಪಾಯದ ದಾರಿಯಾಯಿತು. ಬ್ಯಾಂಡ್‌ಮನ್ 1922ರಲ್ಲಿ ಜಿಬ್ರಾಲ್ಟರಿನಲ್ಲಿ ತೀರಿಕೊಂಡನು. ಅಂತೂ ಆಪೇರಾ ಹೌಸಿಗೆ ಆಪೇರಾದಿಂದ ಹೊಟ್ಟೆ ತುಂಬಲಿಲ್ಲ. ದೇಶೀ ನಾಟಕ ಮಂಡಳಿಗಳಿಗೆ ಬಾಗಿಲು ತೆರೆಯಿತು. ಬಾಲಗಂಧರ್ವರು ಬಂದರು, ದೀನಾನಾಥ ಮಂಗೇಶಕರರು ಬಂದರು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಮರಾಠೀ ಸಂಗೀತ ನಾಟಕವೆಂದರೆ ಪರರ ಮನೆಯ ಸಂಪತ್ತೆಂದು ನಾವು ದೂರ ನಿಂತು ಕೈಮುಗಿಯುವ ರೂಢಿ ಉಂಟು. ಅಷ್ಟು ದೂರ ನಿಲ್ಲಬೇಕಾದದ್ದಿಲ್ಲ. ಹೊನ್ನಾವರದ ಹತ್ತಿರದ ಕರ್ಕಿಯ ಯಕ್ಷಗಾನ ಮೇಳ ಸಾಂಗಲಿಗೆ ಹೋಗಿ ಆಡಿದ ಆಟಗಳ ಪ್ರೇರಣೆಯಿಂದಲೇ ವಿಷ್ಣುದಾಸ ಭಾವೆಯವರು 1843ರಲ್ಲಿ ಅಲ್ಲಿ ಮರಾಠೀ ನಾಟಕವನ್ನು ಆಡಿಸಿದರು. ಸಂಗೀತ ನಾಟಕಕ್ಕೆ ಭದ್ರವಾದ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಅದೂ ಅದೇ 1843ರಲ್ಲಿ. ಅವರ ಮಂಡಳಿಯಲ್ಲಿ ಸ್ತ್ರೀಪಾತ್ರಧಾರಿಯಾಗಿ ಬೆಳೆದ ಬಾಲಗಂಧರ್ವರು 1913ರಲ್ಲಿ ತಮ್ಮದೇ ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. ಆ ಮಂಡಳಿಯ ಕೊನೆಗಾಲದ ನಾಯಿಕೆ ಗೋಹರಬಾಯಿ ಕರ್ನಾಟಕಿ, ಬಿಜಾಪುರ ಸೀಮೆಯ ಬೀಳಗಿಯವರು. ಅವರ ತಂಗಿ ಅಮೀರಬಾಯಿ ಮುಂಬಯಿಗೆ ಬಂದು ಚಿತ್ರಸಂಗೀತದಲ್ಲಿ ದೇಶಕ್ಕೇ ಹೆಸರಾದರು. ಹೆಸರಿನ ಮುಂದಿನ ಕರ್ನಾಟಕಿಯನ್ನು ಕೊನೆಯ ತನಕ ಬಿಡಲಿಲ್ಲ. ಇನ್ನು ಆಪೇರಾ ಹೌಸಿನ ನೆರೆಯಲ್ಲಿಯೇ, ಫ್ರೆಂಚ್ ಸೇತುವೆಯ ಬಳಿ, ಬಿ. ಆರ್. ದೇವಧರರ ಸಂಗೀತ ಶಾಲೆ. ಬೆಳಗಾವಿಯ ಬಳಿಯ ಸುಳೇಭಾವಿಯಿಂದ ಬಂದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಹುಡುಗ ಮೂವತ್ತರ ದಶಕದಲ್ಲಿ ಅಲ್ಲಿ ಕಲಿಯತೊಡಗಿದನು. ಕುಮಾರ ಗಂಧರ್ವ ಎಂದರೆ ತಮಗೆಲ್ಲ ಗೊತ್ತಾದೀತು. ಒಂದು ಮೈಲಿನ ಒಳಗೆ ಇಷ್ಟು ಮಂದಿ ನಮ್ಮವರ ಹೆಜ್ಜೆ ಬಿದ್ದಿರುವಾಗ ಆ ಚೌಕದಲ್ಲಿ ಬಸ್ಸಿನಿಂದ ಇಳಿಯುವ ಕನ್ನಡಿಗನು ತಲೆ ತಗ್ಗಿಸಿ ನಡೆಯುವ ಕಾರಣ ಏನೂ ಇಲ್ಲ.

ಬಾಲಗಂಧರ್ವರ ವಿಷಯ ಬಂದಾಗ ಬ್ಯಾಂಕಿನವನು ಹೇಳಲೇಬೇಕಾದ ಮಾತೊಂದಿದೆ. ರೇಷ್ಮೆಯ ಸೀರೆಗಳಿಗೂ, ಜರತಾರಿ ಪರದೆಗಳಿಗೂ, ಅತ್ತರಿಗೂ ಅವರು ಕೈ ಹಿಡಿಯದೆ ಖರ್ಚು ಮಾಡಿದರು, ಸಾಲ ಬೆಳೆಯಿತು. ಆ ಸಾಲವನ್ನು ನಾಟಕವಾಡಿಯೇ ವರ್ಷಗಟ್ಟಲೆ ದುಡಿದು ತೀರಿಸಿದರು. ಇಂಥ ಸಾಲಗಾರರು ನನ್ನ ಕಿಟಕಿಗೆ ಬರುವುದಿಲ್ಲವಲ್ಲ ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು.

ಅಷ್ಟರಲ್ಲಿ ಚಿತ್ರಪಟ ಬಂದಿತು. ಬಂದದ್ದೇನು, ಆ ನೆರೆಯಲ್ಲಿಯೇ ಹುಟ್ಟಿ ಬೆಳೆಯಿತು ಎನ್ನಬಹುದು. 1896ರ ಜುಲೈ 7ರಂದು ಕೋಟೆಯ ವಾಟ್ಸನ್ ಹೊಟೇಲಿನಲ್ಲಿ ಲ್ಯೂಮಿಯೇರ್ ಸೋದರರ ಚಲಿಸುವ ಚಿತ್ರಗಳನ್ನು ಒಂದು ರೂಪಾಯಿ ತಿಕೀಟಿಗೆ ತೋರಿಸಿದರು. ಒಂದೇ ವಾರದಲ್ಲಿ ಆಟ ನಾವೆಲ್ಟಿ ನಾಟಕಗೃಹಕ್ಕೆ ಹೋಯಿತು. ಅಲ್ಲಿ ನಾಲ್ಕಾಣೆಯ ತಿಕೀಟೂ ಹುಟ್ಟಿಕೊಂಡಿತು. ಆ ನಾಲ್ಕಾಣೆಯೇ ಮುಂದಿನ ಇತಿಹಾಸವನ್ನೆಲ್ಲ ಬರೆಯಿತೆಂದು ನನ್ನ ಅಭಿಪ್ರಾಯ. 1913ರ ಮೇ 3ರಂದು ಫಾಳ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆಕಂಡದ್ದು ಗಿರಗಾಂವದ ಕಾರೋನೇಷನ್ ಮಂದಿರದಲ್ಲಿ. 1931ರ ಮಾರ್ಚ್ 14ರಂದು ಮೊದಲ ಮಾತಿನ ಚಿತ್ರ ‘ಆಲಂ ಆರಾ’ ಬಂದದ್ದು ಗಿರಗಾಂವದ ಮೆಜೆಸ್ಟಿಕ್‌ನಲ್ಲಿ. ಆಪೇರಾ ಹೌಸಿನ ಮೆಟ್ಟಿಲಿಳಿದು ನಡೆದುಹೋಗಬಹುದಾದ ಜಾಗಗಳಿವು.

ಒಡೆಯನ ಪೀಠದಲ್ಲಿ ಕುಳಿತು ಯೋಚಿಸಿರಿ. ನಾಟಕ ಮಂಡಳಿ ಬಂದರೆ ನಾಲ್ವತ್ತು ಐವತ್ತು ಜನ ಬರುತ್ತಾರೆ. ಪರದೆಯ ಗಾಡಿ, ಟ್ರಂಕು, ಅಡಿಗೆಯವರು, ಬಿಡಾರದ ವ್ಯವಸ್ಥೆ. ನಾಯಕನಿಗೆ ನೆಗಡಿಯಾದರೆ ಆಟ ನಿಂತಿತು. ಚಿತ್ರಪಟವಾದರೋ ತಗಡಿನ ಡಬ್ಬಿಯಲ್ಲಿ ಬರುತ್ತದೆ. ಅದಕ್ಕೆ ನೆಗಡಿಯಾಗುವುದಿಲ್ಲ, ಊಟ ಕೇಳುವುದಿಲ್ಲ, ದಿನಕ್ಕೆ ಮೂರು ಸಾರಿ ಆಡೆಂದರೆ ಮೂರು ಸಾರಿಯೂ ಒಂದೇ ಸಮನಾಗಿ ಆಡುತ್ತದೆ. ಯಾವ ಒಡೆಯನು ತಾನೆ ಮರುಳಾಗನು? ಇಪ್ಪತ್ತರ ದಶಕದಿಂದ ಆಪೇರಾ ಹೌಸಿನಲ್ಲಿ ನಾಟಕವೂ ಚಿತ್ರವೂ ಸರದಿಯ ಮೇಲೆ ನಡೆದು, ಮೂವತ್ತರ ದಶಕದಲ್ಲಿ ಅದು ಚಿತ್ರಮಂದಿರವೇ ಆಗಿಹೋಯಿತು. ತೆರೆಗೆ ಅಡ್ಡವಾದದ್ದನ್ನೂ, ಹೆಚ್ಚಿನ ಕುರ್ಚಿಗಳಿಗೆ ಅಡ್ಡವಾದದ್ದನ್ನೂ ಕಿತ್ತುಹಾಕಿದರು. ಪಕ್ಕದ ಬಾಕ್ಸುಗಳು ಹೋದವು. ಇದನ್ನು ಅನ್ಯಾಯವೆಂದು ಈಗ ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಕೊಯ್ತಕ್ಕೆ ಒಪ್ಪದಿದ್ದರೆ ಮಂದಿರವೇ ಆ ಹತ್ತು ವರ್ಷಗಳನ್ನು ದಾಟುತ್ತಿರಲಿಲ್ಲ.

ನಮ್ಮ ನಾಡಿನಲ್ಲಿಯೂ ಆ ಕಾಲಕ್ಕೆ ಇದೇ ಸ್ಥಿತ್ಯಂತರ. ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಮಂದಿರದಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಅಭಿನಯಿಸಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ನಾಟಕ ಕಂಪನಿಯಲ್ಲಿ ಬೆವರು ಸುರಿಸಿದವರು. ಚಿತ್ರ ತಯಾರಾದದ್ದು ಕೊಲ್ಲಾಪುರದಲ್ಲಿ. ಇತ್ತ ಬಾಲಗಂಧರ್ವರೂ 1935ರಲ್ಲಿ ಪ್ರಭಾತ ಕಂಪನಿಯ ‘ಧರ್ಮಾತ್ಮಾ’ದಲ್ಲಿ ಏಕನಾಥನಾಗಿ ನಟಿಸಿದರು. ಪ್ರೇಕ್ಷಕರ ಉಸಿರು ಕೇಳದ ಕಡೆ ಹಾಡುವುದು ಅವರಿಗೆ ಒಗ್ಗಲಿಲ್ಲವೆಂದು ತೋರುತ್ತದೆ, ರಂಗಭೂಮಿಗೇ ಮರಳಿದರು. ಮರಳುವಷ್ಟರಲ್ಲಿ ರಂಗಮಂದಿರಗಳು ಒಂದೊಂದಾಗಿ ತೆರೆ ಕಟ್ಟಿಸಿಕೊಳ್ಳುತ್ತಿದ್ದವು.

ಆದರೂ ಆಪೇರಾ ಹೌಸಿನಲ್ಲಿ ನಾಟಕದ ಬೇರು ಪೂರ್ತಿ ಒಣಗಲಿಲ್ಲ. 1944ರಲ್ಲಿ ಪೃಥ್ವೀರಾಜ ಕಪೂರರು ಪೃಥ್ವಿ ಥಿಯೇಟರ್ಸ್ ಎಂಬ ಹಿಂದೀ ನಾಟಕ ಮಂಡಳಿಯನ್ನು ಸ್ಥಾಪಿಸಿ ಇಲ್ಲಿಯೇ ಆಡತೊಡಗಿದರು. ಮಧ್ಯಾಹ್ನ, ಸಂಜೆ, ರಾತ್ರಿಯೆಲ್ಲ ಚಿತ್ರಪಟಕ್ಕೆ ಮೀಸಲು; ನಾಟಕದವರಿಗೆ ಸಿಕ್ಕದ್ದು ಬೆಳಗಿನ ಹೊತ್ತು! ‘ದೀವಾರ್’, ‘ಪಠಾಣ್’ ಮೊದಲಾದ ನಾಟಕಗಳು ಹೀಗೆ ಹಗಲುಹೊತ್ತಿನಲ್ಲಿ ನಡೆದವು. ಆಟ ಮುಗಿದ ಮೇಲೆ ಪೃಥ್ವೀರಾಜರು ಬಣ್ಣ ಅಳಿಸದೆ ಬಾಗಿಲಿಗೆ ಬಂದು, ತಲೆ ತಗ್ಗಿಸಿ, ಜೋಳಿಗೆ ಒಡ್ಡಿ ನಿಲ್ಲುತ್ತಿದ್ದರು. ಬಿದ್ದ ಹಣ ಕಷ್ಟಕ್ಕೆ ಸಿಕ್ಕವರ ಪರಿಹಾರನಿಧಿಗೆ. ಚಿತ್ರರಂಗದಲ್ಲಿ ಅವರು ಗಳಿಸಿದ ಹಣ ಈ ಮಂಡಳಿಯ ನಷ್ಟ ತುಂಬಲು ಹೋಗುತ್ತಿತ್ತೆಂಬುದು ಪ್ರಸಿದ್ಧ. ಅಂದರೆ ನಾಟಕವನ್ನು ಮನೆಯಿಂದ ಹೊರಡಿಸಿದ ಅದೇ ಚಿತ್ರಪಟ, ಹಿಂಬಾಗಿಲಿನಿಂದ ಅದಕ್ಕೆ ಅಶನವನ್ನೂ ಹಾಕುತ್ತಿತ್ತು. 1960ರಲ್ಲಿ ಆ ಮಂಡಳಿ ಮುಚ್ಚಿತು.

1952ರಲ್ಲಿ ಐಡಿಯಲ್ ಪಿಕ್ಚರ್ಸ್ ಸಂಸ್ಥೆಯಿಂದ ಈ ಆಸ್ತಿಯನ್ನು ಸೌರಾಷ್ಟ್ರದ ಗೋಂಡಲದ ಮಹಾರಾಜ ವಿಕ್ರಮಸಿಂಹಜಿಯವರು ಕೊಂಡರು. 999 ವರ್ಷಗಳ ಗುತ್ತಿಗೆ. ನನ್ನ ಮೇಜಿನ ಮೇಲೆ ಇಂಥ ದಸ್ತಾವೇಜು ಬಂದರೆ, ಮುಗಿಯುವ ತಾರೀಖನ್ನು ಕಂಪ್ಯೂಟರಿನ ಯಾವ ಅಂಕಣದಲ್ಲಿ ತುಂಬಬೇಕೆಂಬುದೇ ತೊಡಕಾದೀತು. ಗೋಂಡಲದ ಮನೆತನ ಸಾಮಾನ್ಯವಾದದ್ದಲ್ಲ. ಹುಡುಗಿಯರಿಗೂ ಕಡ್ಡಾಯ ಶಿಕ್ಷಣ ಮಾಡಿದ ಭಗವತಸಿಂಹಜಿ ಮಹಾರಾಜರು ಅದೇ ಮನೆತನದವರು. ಗುಜರಾತೀ ಭಾಷೆಯ ಮಹಾಕೋಶ ‘ಭಗವದ್ಗೋಮಂಡಲ’ವನ್ನು ಮಾಡಿಸಿದವರೂ ಅವರೇ. ರಾಜ್ಯ ಹೋದ ಮೇಲೆ ಅರಸರಲ್ಲಿ ಕೆಲವರು ಕುದುರೆ ಕೊಂಡರು, ಕೆಲವರು ಮೋಟಾರು ಕೊಂಡರು. ಇವರು ಒಂದು ಚಿತ್ರಮಂದಿರವನ್ನು ಕೊಂಡದ್ದು ಒಳ್ಳೆಯದಾಯಿತು.

ಐವತ್ತು, ಅರವತ್ತು, ಎಪ್ಪತ್ತರ ದಶಕಗಳು ಒಳ್ಳೆಯ ಬೆಳೆಯ ಕಾಲ. ಇದನ್ನು ನಾನು ಪುಸ್ತಕದಿಂದ ಹೇಳಬೇಕಿಲ್ಲ. ನನ್ನ ಸೋದರಮಾವ ಕುಂದಾಪುರದ ಕಡೆಯಿಂದ ಹುಡುಗನಾಗಿ ಇಲ್ಲಿಗೆ ಬಂದು, ಹಗಲು ಹೊಟೇಲಿನಲ್ಲಿ ಮೇಜು ಒರಸಿ, ರಾತ್ರಿ ಕೋಟೆಯ ರಾತ್ರಿಶಾಲೆಯಲ್ಲಿ ಕನ್ನಡ ಓದಿದವರು. ಈ ಸಭೆಯಲ್ಲಿ ಅಂಥ ಹಿರಿಯರು ಇನ್ನೂ ಕೆಲವರು ಕುಳಿತಿದ್ದಾರೆ. ಅವರಿಗೆ ವಾರಕ್ಕೆ ಒಂದು ಮಧ್ಯಾಹ್ನ ರಜೆ. ಆ ಮಧ್ಯಾಹ್ನ ಆಪೇರಾ ಹೌಸಿನ ಮುಂದಿನ ಸಾಲು. ಹಿಂದೀ ಅರ್ಥವಾಗುತ್ತಿತ್ತೇ ಎಂದು ಕೇಳಿದೆ. "ಹಿಂದೀ ಕಲಿತದ್ದೇ ಅಲ್ಲಿ ಮಾರಾಯ, ಗಿರಾಕಿಯೊಡನೆ ಮಾತಾಡುವಷ್ಟು ಹಿಂದೀ ಶಾಲೆಯಲ್ಲಿ ಯಾರು ಕಲಿಸಿದರು?" ಎಂದರು. ಮಳೆಗಾಲದಲ್ಲಿ ಒದ್ದೆ ಅಂಗಿ ಆರಿಸಿಕೊಳ್ಳಲು ಸಹ ಅದೇ ಜಾಗ. ತಿಕೀಟಿನ ಹಣ ಮೂರು ತಾಸಿನ ನೆರಳಿಗೆ, ಕುರ್ಚಿಗೆ, ಗಾಳಿಗೆ ಸಂದ ಬಾಡಿಗೆ ಎಂದು ಅವರ ಲೆಕ್ಕ. ಕಥೆ ಮೇಲೆ ಕೊಟ್ಟ ಕೊಸರು. ಹತ್ತು ಜನ ಮಲಗುವ ಕೋಣೆಯಲ್ಲಿ ಬದುಕಿದವರಿಗೆ ಮಾತ್ರ ಈ ಲೆಕ್ಕ ತಿಳಿದೀತು.

ಆಮೇಲೆ ಇಳಿಗಾಲ. ಇದಕ್ಕೆ ಜನರ ರುಚಿ ಕೆಟ್ಟಿತೆಂದು ಕಾರಣ ಹೇಳುವುದು ಸುಲಭ. ಲೆಕ್ಕದ ಪುಸ್ತಕ ಬೇರೆ ಹೇಳುತ್ತದೆ. ಅಂಗಡಿಯವನ ಅಕ್ಕಿ ಇಂದು ಮಾರದಿದ್ದರೆ ನಾಳೆ ಮಾರೀತು. ಚಿತ್ರಮಂದಿರದ ಕುರ್ಚಿ ಈ ಹೊತ್ತಿನ ಆಟಕ್ಕೆ ಖಾಲಿಯಾಗಿ ಉಳಿದರೆ, ಅದರ ಬೆಲೆ ಶಾಶ್ವತವಾಗಿ ಹೋಯಿತು. ಕುರ್ಚಿ ಖಾಲಿಯಿದ್ದರೂ ದೀಪ, ಸಿಬ್ಬಂದಿ, ಪುರಸಭೆಯ ತೆರಿಗೆ ನಿಲ್ಲುವುದಿಲ್ಲ. ಮಾರಿದ ತಿಕೀಟಿನಲ್ಲಿ ಮೊದಲ ಪಾಲು ಸರಕಾರದ್ದು. ಮುಂಬಯಿಯಲ್ಲಿ ಮನರಂಜನೆಯ ತೆರಿಗೆಯ ಕಾನೂನು 1923ರಲ್ಲಿಯೇ ಬಂದಿತ್ತು. ಆಮೇಲೆ ಚಿತ್ರದ ಹಂಚಿಕೆದಾರನದು. ಉಳಿದದ್ದು ಒಡೆಯನಿಗೆ. 1972ರ ಅಕ್ಟೋಬರ್ 2ರಂದು ಮುಂಬಯಿಗೆ ದೂರದರ್ಶನ ಬಂದಿತು, 1982ರಲ್ಲಿ ಅದಕ್ಕೆ ಬಣ್ಣ ಬಂದಿತು, ಹಿಂದೆಯೇ ವೀಡಿಯೋ, ತೊಂಬತ್ತರ ದಶಕದ ಆರಂಭದಲ್ಲಿ ಕೇಬಲ್ಲು. ಮಧ್ಯಮವರ್ಗ ಮನೆಯಲ್ಲಿ ಕುಳಿತಿತು. ದೊಡ್ಡ ಮಂದಿರವಾದಷ್ಟೂ ಖಾಲಿ ಕುರ್ಚಿ ಹೆಚ್ಚು. ಆದಾಯ ಇಳಿದಾಗ ಒಡೆಯನು ಮೊದಲು ಮುಂದೂಡುವುದು ದುರಸ್ತಿಯನ್ನು. ಛಾವಣಿ ಸೋರುತ್ತದೆ, ಪ್ರೇಕ್ಷಕ ಇನ್ನೂ ದೂರ ಸರಿಯುತ್ತಾನೆ. ಹೀಗೆ 1993ರಲ್ಲಿ ಆಪೇರಾ ಹೌಸಿನ ಬಾಗಿಲು ಮುಚ್ಚಿತು.

ಸುತ್ತಲಿನ ಮನೆಗಳ ಗತಿಯನ್ನೂ ನೋಡಿರಿ. ‘ಆಲಂ ಆರಾ’ ತೋರಿಸಿದ ಮೆಜೆಸ್ಟಿಕ್ ಇದ್ದ ಕಡೆ ಇಂದು ಅಂಗಡಿಗಳ ಸಂಕೀರ್ಣ. 1975ರಿಂದ ‘ಶೋಲೆ’ಯನ್ನು ವರ್ಷಗಟ್ಟಲೆ ಓಡಿಸಿದ ಲ್ಯಾಮಿಂಗ್ಟನ್ ರಸ್ತೆಯ ಮಿನರ್ವಾ ನೆಲಸಮವಾಯಿತು. ಈ ಭಾಗದಲ್ಲಿ ನೆಲದ ಬೆಲೆ ಎಂಥದೆಂಬುದು ಸಾಲದ ಅರ್ಜಿಗಳನ್ನು ನೋಡುವ ನನಗೆ ಗೊತ್ತು. ಹೇಳಿದರೆ ತಮಗೆ ರಾತ್ರಿ ನಿದ್ರೆ ಬಾರದು. ಖಾಲಿ ಬಿದ್ದ ಕಟ್ಟಡ ಒಂದು ಪೈಸೆ ಗಳಿಸುವುದಿಲ್ಲ, ತೆರಿಗೆ ತಿನ್ನುತ್ತದೆ, ಮಳೆಗೆ ಕರಗುತ್ತದೆ. ಲೆಕ್ಕಿಗನ ಸಲಹೆ ಕೇಳಿದ್ದರೆ ಯಾರಾದರೂ "ಮಾರಿಬಿಡಿ" ಎಂದೇ ಹೇಳುತ್ತಿದ್ದರು. ನಾನೂ ಅದನ್ನೇ ಹೇಳುತ್ತಿದ್ದೆ. ಗೋಂಡಲದ ಮನೆತನ ಮಾರಲಿಲ್ಲ. ಇಪ್ಪತ್ತಮೂರು ವರ್ಷ ನಷ್ಟದ ಖಾತೆಯನ್ನು ಎಳೆದುಕೊಂಡು ಬಂದರು. 1995ರಲ್ಲಿ ಮುಂಬಯಿಗೆ ಪಾರಂಪರಿಕ ಕಟ್ಟಡಗಳ ರಕ್ಷಣೆಯ ನಿಯಮಗಳು ಬಂದವು. ಅವುಗಳ ಬೆಂಬಲವೂ ಒದಗಿತು. ಆದರೆ ನಿಯಮವು ಕೆಡವುದನ್ನು ತಡೆದೀತೇ ಹೊರತು, ಸೋರುವ ಛಾವಣಿಗೆ ಹಂಚು ಹೊದಿಸದು.

ದುರಸ್ತಿಯ ಹೊಣೆಯನ್ನು ವಾಸ್ತುಶಿಲ್ಪಿ ಆಭಾ ನಾರಾಯಣ ಲಾಂಬಾ ಅವರು ವಹಿಸಿದರು. ಮೊದಲು ಕಟ್ಟಡ ನಿಲ್ಲುವಂತೆ ಮಾಡಿ, ಆಮೇಲೆ ಅಲಂಕಾರಕ್ಕೆ ಕೈ ಹಾಕಿದರು. ಚಿತ್ರಮಂದಿರದ ಕಾಲದಲ್ಲಿ ಬಳಿದ ಬಣ್ಣಗಳನ್ನು ಪದರ ಪದರವಾಗಿ ಕೆರೆದು ಮೂಲ ಬಣ್ಣವನ್ನು ಕಂಡುಕೊಂಡರು. ಕಿತ್ತುಹೋದ ಬಾಕ್ಸುಗಳನ್ನು ಹಳೆಯ ಛಾಯಾಚಿತ್ರಗಳ ಆಧಾರದ ಮೇಲೆ ಮತ್ತೆ ಕಟ್ಟಿದರು. 2012ರಲ್ಲಿ ಜಗತ್ತಿನ ಅಪಾಯದಲ್ಲಿರುವ ಸ್ಮಾರಕಗಳ ಮೇಲೆ ಕಣ್ಣಿಡುವ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಯಲ್ಲಿ ಇದರ ಹೆಸರು ಸೇರಿತು. 2016ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು. ಮುಂಬಯಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರಾದ ಪೆಟ್ರೀಷಿಯಾ ರೊಜಾರಿಯೋ ಅಲ್ಲಿ ಹಾಡಿದರು. ಮಾರನೆಯ ವರ್ಷ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪಾರಂಪರಿಕ ಪ್ರಶಸ್ತಿಯೂ ಬಂದಿತು. ಈಗ ಸುಮಾರು 575 ಆಸನಗಳು. ಸಂಗೀತ, ನಾಟಕ, ನೃತ್ಯ, ಒಮ್ಮೊಮ್ಮೆ ಚಿತ್ರಪಟ. ನೂರು ವರ್ಷಗಳ ಸುತ್ತಾಟದ ಬಳಿಕ ಮನೆ ತನ್ನ ಹಳೆಯ ಕಸಬಿಗೇ ಮರಳಿತೆನ್ನಬಹುದು.

ನನ್ನ ಮಾವನನ್ನು ಒಂದು ಸಂಜೆ ಅಲ್ಲಿಗೆ ಕರೆದುಕೊಂಡು ಹೋದೆ. ಚಿನ್ನದ ಬಣ್ಣದ ಕುಸುರಿ, ಕೆಂಪು ಕುರ್ಚಿ, ತೂಗುದೀಪ, ಎಲ್ಲವನ್ನೂ ನೋಡಿದರು. ಬಹಳ ಹೊತ್ತು ಏನನ್ನೋ ಹುಡುಕಿದರು. ಕೊನೆಗೆ, "ಇದು ಅದಲ್ಲ" ಎಂದರು. ಅದೇ ಮಾವ, ಅದೇ ಎಂದೆ. "ಗೋಡೆ ಅದೇ ಇರಬಹುದು. ನಾವು ಕುಳಿತುಕೊಳ್ಳುತ್ತಿದ್ದ ಸಾಲು ಎಲ್ಲಿ? ಇಲ್ಲಿ ನನ್ನ ಹಾಗಿನವನು ಒಬ್ಬನೂ ಕಾಣುವುದಿಲ್ಲವಲ್ಲ!" ಎಂದರು. ತಿಕೀಟಿನ ಬೆಲೆಯನ್ನು ನಾನು ಅವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಒಳಗೆ ಬರುತ್ತಲೇ ಇರಲಿಲ್ಲ. ಅವರ ಆಕ್ಷೇಪಕ್ಕೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ದುರಸ್ತಿ ಮಾಡಿದವರು 1912ರ ಮನೆಯನ್ನು ಮರಳಿ ತಂದರು. ಮಾವನು ಹುಡುಕಿದ್ದು 1970ರ ಮನೆಯನ್ನು. ಆ ಮನೆಯನ್ನು ಉಳಿಸಿಕೊಡುವ ಸಂಸ್ಥೆ ಯಾವುದೂ ಇದ್ದಂತಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಆಟ ಆರಂಭವಾದ ಮೇಲೆ ಮಾವ, "ಮಾತು ಮಾತ್ರ ಚೆನ್ನಾಗಿ ಕೇಳುತ್ತದೆ" ಎಂದರು. ಅವರ ಒಂದು ಕಿವಿ ಮಂದ. ಆ ಛಾವಣಿಯನ್ನು ಬಾಗಿಸಿದವನು ಬದುಕಿದ್ದರೆ ಆ ಮಾತನ್ನು ಪ್ರಶಸ್ತಿಗಳೊಡನೆ ಇಟ್ಟುಕೊಳ್ಳುತ್ತಿದ್ದನು.

ಇನ್ನು ನಮ್ಮ ಮನೆಯ ವಿಷಯ. ನಮ್ಮ ಸಂಘದ ನಾಟಕ ವಿಭಾಗದವರು ಬರುವ ವರ್ಷದ ನಾಟಕವನ್ನು ಆಪೇರಾ ಹೌಸಿನಲ್ಲಿ ಆಡಬೇಕೆಂದು ಆಸೆಪಟ್ಟಿದ್ದಾರೆ. ಕಾರ್ಯಕಾರೀ ಸಮಿತಿಯಲ್ಲಿ ಇದರ ಬಗ್ಗೆ ಎರಡು ಅಭಿಪ್ರಾಯಗಳು ಇರುವುದು ತಮಗೆ ಗೊತ್ತು. ಬಾಡಿಗೆ ಹೆಚ್ಚು, ಊರ ಕನ್ನಡಿಗರೆಲ್ಲ ಠಾಣೆ, ಡೊಂಬಿವಲಿ, ನವಿ ಮುಂಬಯಿಗಳಿಗೆ ಹೋಗಿ ಕುಳಿತಿರುವಾಗ ಗಿರಗಾಂವಕ್ಕೆ ಯಾರು ಬಂದಾರು ಎಂದು ಒಂದು ಪಕ್ಷ. ಗುರ್ಲಹೊಸೂರಿನ ಮನುಷ್ಯ ರೂಪಿಸಿದ ಸಂಗೀತ ನಾಟಕ ಆಡಿದ ರಂಗದ ಮೇಲೆ ಕನ್ನಡ ಒಂದು ಸಂಜೆಯಾದರೂ ಕೇಳಿಬರಲಿ ಎಂದು ಇನ್ನೊಂದು ಪಕ್ಷ. ಎರಡೂ ಪಕ್ಷದಲ್ಲಿ ನನ್ನ ಸ್ನೇಹಿತರಿದ್ದಾರೆ. ನನ್ನ ಅಂತಃಕರಣ ಎರಡನೆಯ ಪಕ್ಷದ್ದು, ನನ್ನ ಬಿ.ಕಾಂ. ಮೊದಲನೆಯ ಪಕ್ಷದ್ದು. ನಮ್ಮ ಹಿಂದಿನ ನಾಟಕಕ್ಕೆ ಬಂದವರಲ್ಲಿ ತಿಕೀಟು ಕೊಂಡವರಿಗಿಂತ ಪಾಸು ಹಿಡಿದು ಬಂದವರೇ ಹೆಚ್ಚೆಂಬುದನ್ನು ಖಜಾಂಚಿಗಳು ನನಗೆ ತೋರಿಸಿದ್ದಾರೆ. ಖರ್ಚನ್ನು ತುಂಬಿದ್ದು ಸ್ಮರಣಸಂಚಿಕೆಯ ಜಾಹೀರಾತುಗಳು, ಅಂದರೆ ಹೊಟೇಲಿನ ನಮ್ಮ ಧಣಿಗಳು. ಅವರೂ ಎಷ್ಟು ವರ್ಷ ಹೊತ್ತಾರು?

ಆದ್ದರಿಂದ ಖಜಾಂಚಿಗಳೂ ನಾನೂ ಕುಳಿತು ಒಂದು ಲೆಕ್ಕ ಹಾಕಿದ್ದೇವೆ. ಪಾಸುಗಳನ್ನು ಒಂದನ್ನೂ ಅಚ್ಚು ಹಾಕಿಸುವುದು ಬೇಡ. ಅಧ್ಯಕ್ಷರಿಗೂ ಬೇಡ, ಅವರು ಕ್ಷಮಿಸಬೇಕು. 575ರಲ್ಲಿ 400 ಕುರ್ಚಿಗಳಿಗೆ ಈ ತಿಂಗಳ ಕೊನೆಯೊಳಗೆ ಹಣ ಬಂದರೆ ಮಂದಿರವನ್ನು ಗೊತ್ತುಮಾಡುವುದು. ಬಾರದಿದ್ದರೆ ಎಂದಿನಂತೆ ಮಾಟುಂಗದ ಕಡೆಯೇ ಆಡುವುದು. ಉಳಿದ 175ನ್ನು ಅರ್ಧ ಬೆಲೆಗೆ ಹೊಟೇಲಿನ ಹುಡುಗರಿಗೂ ರಾತ್ರಿಶಾಲೆಯಲ್ಲಿ ಓದಿದ ಹಿರಿಯರಿಗೂ ಮೀಸಲಿಡಬೇಕೆಂದು ನಾನು ಹಟ ಹಿಡಿದಿದ್ದೇನೆ. ಖಜಾಂಚಿಗಳು ಇನ್ನೂ ಪೂರ್ತಿ ಒಪ್ಪಿಲ್ಲ. ಹೊರಗೆ ಉಪಾಹಾರದ ಮೇಜಿನ ಪಕ್ಕದಲ್ಲಿ ಹೆಸರು ಬರೆಯುವ ಪುಸ್ತಕ ಇಟ್ಟಿದೆ. ಮೊದಲ ಸಾಲಿನಲ್ಲಿ ನನ್ನ ಮಾವನ ಹೆಸರು, ಎರಡನೆಯದರಲ್ಲಿ ನನ್ನದು. ಮೂರನೆಯ ಸಾಲಿನಿಂದ ಖಾಲಿ ಇದೆ. ಪೆನ್ನನ್ನು ದಾರದಿಂದ ಕಟ್ಟಿದ್ದೇನೆ. ಬ್ಯಾಂಕಿನವನ ಅಭ್ಯಾಸ, ಅನ್ಯಥಾ ಭಾವಿಸಬಾರದು.